ಎಂಟನೇ ಸ್ಟೂಲು

ಮಾರ್ಚ್ ೩

ಲೆಕ್ಕಪತ್ರ ನೋಡಿಕೊಳ್ಳುವವರಿಗೆ,

ಮಾನ್ಯರೇ,

ನಿಮ್ಮ ಹಲ್ಲಿನ ಲ್ಯಾಬಿನಲ್ಲಿ ನಾನು ಒಂಬತ್ತು ವರ್ಷ ಎಂಟನೇ ಸ್ಟೂಲಿನಲ್ಲಿ ಕೂತು ಹಲ್ಲಿನ ಸೆಟ್ಟುಗಳನ್ನು ಮಾಡಿದ್ದೇನೆ. ಎರಡು ವರ್ಷದ ಹಿಂದೆ ಆ ಕೆಲಸ ಬಿಟ್ಟು ಈ ಊರಿಗೆ ಬಂದು ಇಲ್ಲಿನ ಲ್ಯಾಬಿಗೆ ಸೇರಿದೆ. ನನ್ನ ನಿವೃತ್ತಿ ನಿಧಿಯನ್ನು ಹಳೆಯ ಖಾತೆಯಿಂದ ಹೊಸ ಖಾತೆಗೆ ವರ್ಗಾಯಿಸಿಕೊಳ್ಳಲು ಕೊಟ್ಟ ಅರ್ಜಿ ಎರಡನೇ ಸಲವೂ ವಾಪಸ್ ಬಂದಿದೆ. ನಾನು ಕೆಲಸ ಬಿಟ್ಟ ದಿನಾಂಕವನ್ನು ಹಳೆಯ ಮಾಲೀಕರು ನಿಧಿ ಕಚೇರಿಗೆ ತಿಳಿಸಿಲ್ಲ ಎಂಬುದೇ ಕಾರಣ.

ಹತ್ತು ವರ್ಷದ ಸೇವೆ ಒಂದೇ ಖಾತೆಯಲ್ಲಿ ಕೂಡಿದರೆ ಮಾತ್ರ ಪಿಂಚಣಿ. ಅಲ್ಲಿನ ವರ್ಷಗಳು ಇಲ್ಲಿಗೆ ಸೇರದಿದ್ದರೆ, ಐವತ್ತರ ಹತ್ತಿರ ಬಂದಿರುವ ನಾನು ಮತ್ತೆ ಮೊದಲಿನಿಂದ ಎಣಿಸಬೇಕಾಗುತ್ತದೆ. ಆದ್ದರಿಂದ ಆ ಒಂದು ದಿನಾಂಕವನ್ನು ದಯವಿಟ್ಟು ತುಂಬಿಸಿ ಕಳಿಸಬೇಕಾಗಿ ಕೋರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಎಂಟನೇ ನಂಬರ್ (ಹಳಬಳು)

ಅಕ್ಕ, ಲೆಕ್ಕಪತ್ರ ನೋಡಿಕೊಳ್ಳುವವರು ನೀನೇ ಅನ್ನುವುದು ನನಗೇನೂ ಗೊತ್ತಿಲ್ಲದ ಸಂಗತಿಯಲ್ಲ. ಆದರೆ ಫೋನಿನಲ್ಲಿ ಹಲೋ ಅಂದ ಮೇಲೆ ನಾವಿಬ್ಬರೂ ಜಗಳಕ್ಕಿಳಿಯಲು ಎಷ್ಟು ಹೊತ್ತು ಬೇಕು ಅನ್ನುವುದೂ ಗೊತ್ತಿದೆ. ಅದಕ್ಕೇ ಕಾಗದ. ಭಾವನ ಮಂಡಿ ನೋವು ಹೇಗಿದೆ?


ಮಾರ್ಚ್ ೧೯

ಮಾನ್ಯರೇ,

ನಿಮ್ಮ ಪತ್ರ ತಲುಪಿದೆ. ನಮ್ಮ ಸಂಬಳದ ಪಟ್ಟಿಯನ್ನು ಪರಿಶೀಲಿಸಲಾಯಿತು. ಎಂಟನೇ ನಂಬರಿನವರು ಕೆಲಸ ಬಿಟ್ಟಿಲ್ಲ. ಬಿಡದವರ ಹೆಸರಿನಲ್ಲಿ ಬಿಟ್ಟ ದಿನಾಂಕ ಬರೆಯಲು ಬರುವುದಿಲ್ಲ.

ಇಂತಿ,
ಲೆಕ್ಕಪತ್ರ ನೋಡಿಕೊಳ್ಳುವವರು

ಮಂಡಿ ಹಾಗೇ ಇದೆ. ಮೆಟ್ಟಿಲು ಹತ್ತುವಾಗ ಮಾತ್ರ ಅವರಿಗೆ ಹೆಂಡತಿಯ ನೆನಪಾಗುತ್ತದೆ.


ಏಪ್ರಿಲ್ ೨

ಅಕ್ಕ,

ನಿನ್ನ ಕಾಗದ ಓದಿದಾಗ ಬಂದ ಕೋಪಕ್ಕೆ ಕೈಯಲ್ಲಿದ್ದ ಮೇಣ ಕೆತ್ತುವ ಚಾಕು ಬಾಗಿಹೋಯಿತು. ಎರಡು ವರ್ಷವಾದರೂ ನಿನ್ನ ಮುನಿಸು ಇಳಿದಿಲ್ಲ, ನಾನು ಬಿಟ್ಟುಬಂದದ್ದನ್ನು ಕಾಗದದ ಮೇಲೆ ಒಪ್ಪಿಕೊಳ್ಳಲೂ ನಿನಗೆ ಮನಸ್ಸಿಲ್ಲ, ಅದಕ್ಕೇ ಹೀಗೆ ಬರೆದಿದ್ದೀಯ ಅಂದುಕೊಂಡೆ. ಅದೇ ಸಿಟ್ಟಿನಲ್ಲಿ ರಜೆ ಹಾಕಿ ನಿಧಿ ಕಚೇರಿಗೆ ಹೋದೆ.

ಅಲ್ಲಿನ ಮೂರನೇ ಕೌಂಟರಿನಲ್ಲಿ ಒಬ್ಬ ಹಿರಿಯರಿದ್ದಾರೆ. ಮೇಲಿನ ಸೆಟ್ಟು ಸಡಿಲ. ಮಾತಿನ ನಡುವೆ ಟಕ್ ಅನ್ನುತ್ತದೆ, ಅವರು ಅದನ್ನು ನಾಲಿಗೆಯಿಂದ ಒತ್ತಿಕೊಂಡು ಮುಂದುವರಿಯುತ್ತಾರೆ. ನನಗೆ ಅವರ ಮಾತಿಗಿಂತ ಆ ಟಕ್ ಮೇಲೇ ಕಿವಿ. ನನ್ನ ಹಳೆಯ ಖಾತೆ ತೆರೆದು ನೋಡಿ, ಕನ್ನಡಕವನ್ನು ಹಣೆಗೇರಿಸಿ, "ಅಲ್ಲಮ್ಮ, ಬಿಟ್ಟಿದೀನಿ ಅಂತೀರ. ಹೋದ ತಿಂಗಳೂ ಇದಕ್ಕೆ ದುಡ್ಡು ಬಂದಿದೆಯಲ್ಲ," ಅಂದರು. ಹೋದ ತಿಂಗಳು ಮಾತ್ರವಲ್ಲ, ನಾನು ಬಿಟ್ಟುಬಂದ ಮೇಲೆ ಒಂದು ತಿಂಗಳೂ ತಪ್ಪಿಲ್ಲವಂತೆ. ಅವರ ಪ್ರಕಾರ ನಾನು ಒಂದೇ ದಿನ ಎರಡು ಊರಿನಲ್ಲಿ ಕೂತು ಹಲ್ಲು ಮಾಡುತ್ತಿದ್ದೇನೆ. ಹಾಗಾಗಿ ಹಳೆಯದು ಹೊಸದು ಎರಡಕ್ಕೂ ಬೀಗ ಹಾಕಿ ಇಟ್ಟಿದ್ದಾರೆ.

ಕೋಪ ಅಲ್ಲೇ ಇಳಿಯಿತು. ಕುತೂಹಲ ಹತ್ತಿಕೊಂಡ ಮೇಲೆ ನನ್ನಲ್ಲಿ ಕೋಪಕ್ಕೆ ಜಾಗವಿರುವುದಿಲ್ಲ ಅಂತ ನಿನಗೆ ಗೊತ್ತಲ್ಲ. ಬರುವಾಗ ಬಸ್ಸಿನಲ್ಲಿ ತಲೆ ಕೆರೆದುಕೊಂಡು ಯೋಚಿಸಿದೆ. ಭಾವನ ಅಪ್ಪ ಲ್ಯಾಬು ಶುರು ಮಾಡಿದಾಗ ಸ್ಟೂಲುಗಳ ಮೇಲೆ ಕೆಂಪು ಬಣ್ಣದಲ್ಲಿ ನಂಬರ್ ಬರೆಸಿದರು. ಸೆಟ್ಟಿನ ಒಳಮೈಯಲ್ಲೂ ಅದೇ ನಂಬರ್ ಕೊರೆಯುತ್ತೇವೆ. ಡಾಕ್ಟರುಗಳು ಫೋನ್ ಮಾಡಿ "ಎಂಟಕ್ಕೇ ಕೊಡಿ" ಅನ್ನುತ್ತಾರೆ. ಸಂಬಳದ ಪಟ್ಟಿ ಬರೆಯುವುದೂ ಸ್ಟೂಲಿನ ನಂಬರಿನಲ್ಲೇ. ಅಂದರೆ ನನ್ನ ಸ್ಟೂಲಿನಲ್ಲಿ ಈಗ ಬೇರೆ ಯಾರೋ ಕೂತಿದ್ದಾರೆ, ನೀನು ಕೈರೂಢಿಯಲ್ಲಿ ಎಂಟು ಅಂತಲೇ ಬರೆದು ನಿಧಿಗೆ ಕಟ್ಟುತ್ತಿದ್ದೀಯ, ಅವರ ಉಳಿತಾಯ ನನ್ನ ಖಾತೆಗೆ ಬಂದು ಬೀಳುತ್ತಿದೆ. ಸರಿಯೇ?

ಸರಿಯಾದರೆ, ಯಾರವರು? ಗಂಡಸೋ ಹೆಂಗಸೋ? ಎಡಗೈಯವರೋ ಬಲಗೈಯವರೋ? ಬಲಗೈಯವರಾದರೆ ಮೊದಲೇ ಎಚ್ಚರ ಹೇಳು. ಅಲ್ಲಿ ಕಿಟಕಿ ಬಲಕ್ಕಿದೆ. ಒಂಬತ್ತು ವರ್ಷ ನಾನು ನನ್ನದೇ ಕೈಯ ನೆರಳಿನಲ್ಲಿ ಕೆಲಸ ಮಾಡಿದೆ. ನಿನ್ನ ಎಡಗೈಗೆ ಹೇಳಿ ಮಾಡಿಸಿದ ಜಾಗ ಅದು. ಹಳೆಯ ಲೆಕ್ಕದವರು ಹೋಗಿ ನೀನು ಆ ಕೋಣೆಗೆ ಸೇರಿದ ಮೇಲೆ ನನ್ನ ಪಾಲಿಗೆ ಬಂತು.

ನಿನ್ನ ತಂಗಿ


ಏಪ್ರಿಲ್ ೨೨

ಯಾಕಮ್ಮ,

ಅಂಗಿಯ ಗುಂಡಿಗೆ ನಾಲ್ಕೇ ತೂತು ಯಾಕೆ ಅಂತ ಕೇಳಿ ಅಮ್ಮನ ತಲೆ ತಿಂದಿದ್ದಕ್ಕೆ ನಾನು ನಿನಗೆ ಇಟ್ಟ ಹೆಸರು ಇದು. ಐವತ್ತು ಹತ್ತಿರವಾದರೂ ಬದಲಾಯಿಸುವ ಕಾಲ ಬಂದಿಲ್ಲ ಅಂತ ಕಾಣುತ್ತದೆ.

ನೀನು ಊಹಿಸಿದ್ದು ಸರಿ. ಪಟ್ಟಿಯಲ್ಲಿ ಎಂಟು ಅಂತ ಬರೆದೆ, ಎಂದಿನ ಹಾಗೆ ಕಟ್ಟಿದೆ. ನಿಧಿಯವರು ಎಂಟು ಅಂದರೆ ನೀನು ಅಂದುಕೊಂಡಿದ್ದಾರೆ ಅಂತ ಹೊಳೆಯಲೇ ಇಲ್ಲ. ನಮ್ಮಲ್ಲಿ ಎಂಟು ಅಂದರೆ ಸ್ಟೂಲು. ನಿನ್ನ ಮೊದಲ ಕಾಗದ ಬಂದಾಗಲೂ ನನಗೆ ಹಾಗೇ ಅನ್ನಿಸಿತು. ಎಂಟರಲ್ಲಿ ಕೆಲಸ ನಿಂತಿಲ್ಲ, ಮತ್ತೆ ಬಿಟ್ಟ ದಿನಾಂಕ ಎಲ್ಲಿಂದ ತರಲಿ? ಸ್ವಲ್ಪ ಮುನಿಸೂ ಇತ್ತು, ಇಲ್ಲ ಅನ್ನುವುದಿಲ್ಲ.

ಯಾರು ಕೂತಿದ್ದಾರೆ ಅಂತ ಕೇಳಬೇಡ. ಕೆಲಸ ನಡೆಯುತ್ತಿದೆ, ಡಾಕ್ಟರುಗಳು ದೂರು ಹೇಳಿಲ್ಲ, ಬೆಳಕು ಸಾಕಾಗುತ್ತದೆ. ನಿನ್ನ ಏಪ್ರನ್ ಇನ್ನೂ ಮೊಳೆಯಲ್ಲೇ ಇದೆ. ಬೇಕಾದರೆ ಕಳಿಸುತ್ತೇನೆ, ಬೇಡದಿದ್ದರೆ ಇರಲಿ.

ಅಕ್ಕ


ಮೇ ೬

ಅಕ್ಕ,

ಕೇಳಬೇಡ ಅಂದರೆ ಕೇಳದೆ ಇರುವವಳಿಗೆ ಯಾಕಮ್ಮ ಅಂತ ಯಾಕೆ ಹೆಸರಿಡುತ್ತಿದ್ದೆ?

ಇಲ್ಲಿ ನನ್ನ ದಿನಗಳು ಹೀಗಿವೆ. ನಿನ್ನ ಜೊತೆ ಜಗಳವಾಡಿ ಬಂದದ್ದೇ ಪಿಂಗಾಣಿಯ ಹಲ್ಲು ಕಲಿಯಲು. ಬೆಳಿಗ್ಗೆ ಅದರ ಪುಡಿ ಕಲಸುತ್ತೇನೆ, ಹಲ್ಲಿನ ಮೇಲೆ ಒಂದೊಂದೇ ಪದರ ಹಚ್ಚುತ್ತೇನೆ, ಕುಲುಮೆಗೆ ಇಟ್ಟು ಕಾಯುತ್ತೇನೆ. ಕಾಯುವ ಹೊತ್ತಿನಲ್ಲೆಲ್ಲ ಎಂಟನೇ ಸ್ಟೂಲಿನ ಮೇಲೆ ಒಬ್ಬೊಬ್ಬರನ್ನೇ ಕೂರಿಸಿ ನೋಡುತ್ತೇನೆ. ಐದನೇ ನಂಬರಿನವರು ಸರಿದು ಕೂತರೇ? ಅವರಿಗೆ ಒಲೆಯ ಪಕ್ಕ ಬಿಟ್ಟು ಏಳಲು ಮನಸ್ಸು ಬರುವುದಿಲ್ಲ. ಹೊಸಬರನ್ನು ತೆಗೆದುಕೊಂಡಿರೇ? ಭಾವ ಹೊಸ ಪೊರಕೆ ತರಲೂ ಹಿಂದೆ ಮುಂದೆ ನೋಡುವವರು.

ನಿನ್ನೆ ಇದ್ದಕ್ಕಿದ್ದ ಹಾಗೆ ಇನ್ನೊಂದು ಹೊಳೆಯಿತು. ಆ ಸ್ಟೂಲಿನಲ್ಲಿ ಯಾರೂ ಇಲ್ಲ. ಖಾಲಿ. ನನಗೆ ಯಾರೂ ದಿಕ್ಕಿಲ್ಲ, ಗಂಡ ಮಕ್ಕಳು ಮನೆ ಯಾವುದೂ ಇಲ್ಲ, ಮುದುಕಿಯಾದಾಗ ಇರಲಿ ಅಂತ ನೀನೇ ಮನೆಖರ್ಚಿನಲ್ಲಿ ಉಳಿಸಿ ತಿಂಗಳು ತಿಂಗಳು ನನ್ನ ಹೆಸರಿಗೆ ಕಟ್ಟುತ್ತಿದ್ದೀಯ. ಬಾಯಲ್ಲಿ ಮಾತ್ರ ಬೈಗುಳ. ಹಾಗನ್ನಿಸಿದ್ದೇ ತಡ, ಕುಲುಮೆಯ ಮುಂದೆ ಕೂತು ಅತ್ತುಬಿಟ್ಟೆ. ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಎರಡು ಹಲ್ಲು ಹೆಚ್ಚು ಬೆಂದು ಹಳದಿಯಾದವು. ಹೇಳು, ಇದೇ ತಾನೆ?

ಯಾಕಮ್ಮ


ಮೇ ೧೮

ಯಾಕಮ್ಮ,

ಅಲ್ಲ. ನಾನು ಅಷ್ಟು ಒಳ್ಳೆಯವಳಲ್ಲ. ಹೆಚ್ಚು ಬೆಂದ ಆ ಹಲ್ಲುಗಳ ಪಾಪ ನನ್ನ ತಲೆಗೆ ಕಟ್ಟಬೇಡ.

ಆದರೆ ನಿನ್ನ ಕೆಲಸ ಆಗಬೇಕು. ನಿನ್ನ ಮುಂದಿನ ದಿನಗಳ ಪ್ರಶ್ನೆ ಅದು. ನಮ್ಮ ಲ್ಯಾಬಿನ ಲೆಕ್ಕ ತಪಾಸಣೆಗೆ ಬರುವವರನ್ನು ವಿಚಾರಿಸಿದೆ. ಅವರು ಸುಲಭದ ದಾರಿ ಹೇಳಿದರು. ಎಂಟನೇ ನಂಬರಿನವರು ಹೋದ ತಿಂಗಳ ಕೊನೆಗೆ ಬಿಟ್ಟರು ಅಂತ ನಿನ್ನ ಭಾವ ಬರೆದುಕೊಟ್ಟರೆ ಸಾಕಂತೆ. ಆ ಎರಡು ವರ್ಷ ನೀನು ಎರಡೂ ಕಡೆ ಅರ್ಧರ್ಧ ದಿನ ಇದ್ದೆ ಅಂತ ಒಂದು ಸಾಲು ಸೇರಿಸಬೇಕು. ಎಲ್ಲವೂ ಒಟ್ಟಿಗೆ ನಿನ್ನ ಹೊಸ ಖಾತೆಗೆ ಬರುತ್ತದೆ, ಈ ಎರಡು ವರ್ಷದ್ದೂ ಸೇರಿ. ಭಾವ ರುಜು ಹಾಕಲು ಒಪ್ಪಿದ್ದಾರೆ. ಕೂತಿರುವವರಿಗೂ ಅಭ್ಯಂತರವಿಲ್ಲ.

ಹೂಂ ಅಂತ ಒಂದು ಸಾಲು ಬರಿ. ಮುಗಿಸಿಬಿಡೋಣ.

ಅಕ್ಕ


ಜೂನ್ ೯

ಅಕ್ಕ,

ಹೂಂ ಅಂತ ಬರೆಯಲು ಕಾಗದ ತೆಗೆದಿದ್ದೆ. ಬೇಗ ಮುಗಿಯಲಿ ಅಂತ ನನಗೂ ಆಸೆಯಿತ್ತು, ಸುಳ್ಳು ಯಾಕೆ ಹೇಳಲಿ. ಒಂದೇ ವಿಷಯ ಅಡ್ಡ ಬಂತು. ಎರಡು ವರ್ಷ ದುಡಿದವರು ತಮ್ಮ ಮುಪ್ಪಿನ ದುಡ್ಡನ್ನು ಗುರುತಿಲ್ಲದ ನನಗೆ ಬಿಟ್ಟುಕೊಡಲು ಅಭ್ಯಂತರವಿಲ್ಲ ಅನ್ನುತ್ತಾರೆಂದರೆ ಅವರೆಂಥ ಮನುಷ್ಯರು? ಅದನ್ನು ತಿಳಿಯದೆ ಪೆನ್ನು ಓಡಲಿಲ್ಲ.

ಹೋದ ವಾರ ನಮ್ಮ ಲ್ಯಾಬಿಗೆ ರಿಪೇರಿಗೆ ಒಂದು ಸೆಟ್ಟು ಬಂತು. ನಿಮ್ಮೂರಿನಿಂದ ಮಗಳ ಮನೆಗೆ ಬಂದಿರುವ ಅಜ್ಜಿಯೊಬ್ಬರದು. ಬಚ್ಚಲಿನಲ್ಲಿ ಕೈಜಾರಿ ಕೆಳಗಿನದು ಎರಡು ತುಂಡಾಗಿತ್ತು. ಹೊಸ ಸೆಟ್ಟೇ, ಕಳೆದ ಚಳಿಗಾಲದಲ್ಲಿ ಮಾಡಿಸಿದ್ದಂತೆ. ತುಂಡುಗಳನ್ನು ಜೋಡಿಸಿ ತಿರುಗಿಸಿದರೆ ಒಳಮೈಯಲ್ಲಿ ಎಂಟು. ನಮ್ಮ ಎಂಟು. ನನ್ನ ಸ್ಟೂಲಿನಿಂದ ಹೊಸಬರೇ ನಡೆದುಬಂದು ಎದುರು ಕೂತ ಹಾಗಾಯಿತು.

ಬೆಳಕಿಗೆ ಹಿಡಿದೆ. ಸೆಟ್ಟಿನ ಒಸಡು ನಿಜದಂತೆ ಕಾಣಲಿ ಅಂತ ಬ್ರಷ್ಷಿನಿಂದ ಚುಚ್ಚಿದ ಸಣ್ಣ ಗುಳಿಗಳೆಲ್ಲ ಎಡಕ್ಕೆ ಒರಗಿದ್ದವು. ಎಡಗೈ. ಕೆಳಸಾಲಿನ ಮುಂದಿನ ಹಲ್ಲುಗಳಲ್ಲಿ ಒಂದು, ಬಲದಿಂದ ಎರಡನೆಯದು, ಕೂದಲೆಳೆಯಷ್ಟು ಒಳಕ್ಕೆ ತಿರುಗಿತ್ತು. ಅಕ್ಕ, ಅದು ಅಮ್ಮನ ಹಲ್ಲು. ಅಮ್ಮ ನಗುವಾಗ ಹಾಗೆ ಒಂದು ಹಲ್ಲು ನಾಚಿಕೊಂಡು ಹಿಂದೆ ನಿಲ್ಲುತ್ತಿತ್ತು. ನೀನು ನನಗೆ ಕೆಲಸ ಕಲಿಸುವಾಗ, "ಎಲ್ಲಾ ಹಲ್ಲೂ ಸಾಲಾಗಿ ನಿಂತ್ರೆ ನೋಡಿದೋರಿಗೆ ಕಟ್ಟಿದ ಹಲ್ಲು ಅಂತ ಗೊತ್ತಾಗ್ಬಿಡುತ್ತೆ. ಒಂದನ್ನ ತಪ್ಪಾಗಿ ನಿಲ್ಸು," ಅನ್ನುತ್ತಿದ್ದೆ. ನಾನು ಒಂದು ದಿನವೂ ಹಾಗೆ ಮಾಡಲಿಲ್ಲ. ಸೊಟ್ಟ ಕಂಡರೆ ನನ್ನ ಕೈ ನೆಟ್ಟಗೆ ಮಾಡದೆ ಬಿಡುವುದಿಲ್ಲ.

ಎಂಟನೇ ಸ್ಟೂಲಿನಲ್ಲಿ ಕೂತಿರುವವಳು ನೀನು.

ಬಿಟ್ಟುಬರುವ ದಿನ ನೀನು ಬಾಗಿಲಲ್ಲಿ ನಿಂತು, "ಹೋಗೋದಾದ್ರೆ ಹೋಗು, ಎಂಟು ಇಲ್ಲೇ ಇರುತ್ತೆ," ಅಂದಿದ್ದೆ. ಅದು ನನ್ನನ್ನು ಚುಚ್ಚಲು ಆಡಿದ ಮಾತು ಅಂತ ಎರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ನೀನೇ ಕೂರುವುದು ಅಂತ ಅವತ್ತೇ ತೀರ್ಮಾನಿಸಿದ್ದೆಯಾ? ಲೆಕ್ಕದ ಕೋಣೆಯ ಕೆಲಸವೂ ನಿನ್ನದೇ ಇದೆಯಾ? ಹಲ್ಲು ಮಾಡಿ ಮಾಡಿ ಬಂದಿದ್ದ ನಿನ್ನ ಮಣಿಕಟ್ಟಿನ ನೋವು ಈಗ ಹೇಗಿದೆ?

ಹೂಂ ಅನ್ನುವುದಿಲ್ಲ. ಆ ಎರಡು ವರ್ಷ ನಿನ್ನವು. ಮೂರನೇ ಕೌಂಟರಿನವರನ್ನು ಮತ್ತೆ ಹೋಗಿ ಕೇಳಿದೆ. ನಾನು ಬಿಟ್ಟ ನಿಜವಾದ ದಿನಾಂಕ ಕೊಟ್ಟರೆ ಅಲ್ಲಿಯವರೆಗಿನದು ನನಗೆ ಬರುತ್ತದೆ. ಆಮೇಲಿನದು ತಪ್ಪು ಖಾತೆಗೆ ಬಿದ್ದ ದುಡ್ಡು, ದುಡಿದವರ ಹೆಸರಿನಲ್ಲಿ ಹೊಸ ಖಾತೆ ತೆರೆದು ಅಲ್ಲಿಗೆ ಕಳಿಸುತ್ತಾರೆ. ಅದಕ್ಕೆ ಆ ಸ್ಟೂಲಿನಲ್ಲಿ ಯಾರು ಕೂತಿದ್ದರು ಅಂತ ಮಾಲೀಕರು ಬರೆದುಕೊಡಬೇಕು. ಅಷ್ಟೇ. ಭಾವನಿಗೆ ಹೇಳು.

ನಿನ್ನ ಯಾಕಮ್ಮ


ಜೂನ್ ೨೫

ಯಾಕಮ್ಮ,

ಅಜ್ಜಿಯ ಸೆಟ್ಟನ್ನು ಸರಿಯಾಗಿ ಕೂಡಿಸಿ ಕೊಟ್ಟೆಯಾ? ಅವರ ಒಸಡು ಬಲಗಡೆ ತೀರ ತೆಳು, ಅಲ್ಲಿ ಒತ್ತದ ಹಾಗೆ ನೋಡಿಕೋ. ಆ ಹಲ್ಲನ್ನು ನೆಟ್ಟಗೆ ಮಾಡಿಲ್ಲ ತಾನೆ?

ಹೌದು, ನಾನೇ. ನೀನು ಹೋದ ಮರುವಾರ ಡಾಕ್ಟರುಗಳಿಂದ ರೋಗಿಗಳ ಬಾಯಿಯ ಅಚ್ಚುಗಳಿದ್ದ ಡಬ್ಬಿಗಳು ಬಂದವು. ಎಲ್ಲದರ ಮೇಲೂ ಎಂಟಕ್ಕೆ, ಎಂಟಕ್ಕೆ. ಎಂಟು ಹೋಯಿತು ಅಂದರೆ ಅರ್ಧ ಜನ ಬೇರೆ ಲ್ಯಾಬು ನೋಡಿಕೊಳ್ಳುತ್ತಿದ್ದರು. ಭಾವ ತಲೆ ಮೇಲೆ ಕೈ ಹೊತ್ತು ಕೂತರು. ನಾನು ನಿನ್ನ ಏಪ್ರನ್ ಹಾಕಿಕೊಂಡು ಕೂತೆ. ಅವತ್ತೇನೂ ತೀರ್ಮಾನಿಸಿರಲಿಲ್ಲ. ಬಾಗಿಲಲ್ಲಿ ಆ ಮಾತು ಆಡಿದ್ದು ಚುಚ್ಚಲಿಕ್ಕೇ. ಅದನ್ನು ಚೆನ್ನಾಗಿ ಮಾಡಿ ಓದಿಕೊಳ್ಳಬೇಡ.

ಬೆಳಿಗ್ಗೆ ಲೆಕ್ಕ, ಊಟದ ಮೇಲೆ ಹಲ್ಲು. ಮೊದಲ ದಿನ ಮೇಣ ಕೈಗೆ ಬರಲಿಲ್ಲ. ಮೂರನೇ ದಿನ ಬಂತು. ಕಿಟಕಿಯ ಬೆಳಕು ಬಲದಿಂದ ಕೈಮೇಲೆ ಬಿದ್ದಾಗ, ಏನು ಹೇಳಲಿ, ಲೆಕ್ಕದ ಕೋಣೆಯಲ್ಲಿ ಅಷ್ಟು ವರ್ಷ ಯಾಕೆ ಕೂತಿದ್ದೆ ಅಂತ ನನಗೇ ಅರ್ಥವಾಗಲಿಲ್ಲ. ಸಂತೋಷವಾಯಿತು ಕಣೇ. ನೀನು ಹೋದದ್ದಕ್ಕೆ ಅಳುತ್ತಲೇ ಸಂತೋಷವಾಯಿತು. ಅದನ್ನು ನಿನಗೆ ಹೇಗೆ ಬರೆಯಲಿ ಅಂತ ತಿಳಿಯದೆ ಎರಡು ವರ್ಷ ಏನನ್ನೂ ಬರೆಯಲಿಲ್ಲ.

ಎಂಟರ ಸಂಬಳ ಪಟ್ಟಿಯಲ್ಲಿ ಹಾಗೇ ಮುಂದುವರಿಯಿತು, ಅದು ಮನೆಖರ್ಚಿಗೆ ಹೋಗುತ್ತದೆ. ನಿಧಿಯ ಪಾಲು ಎಲ್ಲಿಗೆ ಹೋಗುತ್ತದೆ ಅಂತ ನಾನು ಯೋಚಿಸಲೇ ಇಲ್ಲ. ಮೊದಲು ಇಪ್ಪತ್ತು ವರ್ಷ ಅದೇ ಸ್ಟೂಲಿನಲ್ಲಿ ಕೂತಾಗ ಸಂಬಳವೂ ಇರಲಿಲ್ಲ, ನಿಧಿಯೂ ಇರಲಿಲ್ಲ. ಸೊಸೆಗೆ ಸಂಬಳ ಕೊಡುವ ಪದ್ಧತಿ ಮಾವನಿಗೆ ಗೊತ್ತಿರಲಿಲ್ಲ.

ನಿನ್ನ ಕಾಗದವನ್ನು ಭಾವನಿಗೆ ಓದಿ ಹೇಳಿದೆ. ಅವರು ಕೂಗಾಡಲಿಲ್ಲ. ನಿನಗೆ ಗೊತ್ತಲ್ಲ, ಅವರಿಗೆ ಕೂಗಲೂ ಸಂಕೋಚ. "ಮನೆ ಯಜಮಾನೀನ ಕೆಲಸದೋರ ಪಟ್ಟೀಲಿ ಬರ್ಕೊಟ್ರೆ ನೋಡಿದೋರು ಏನಂದುಕೊಳ್ತಾರೆ," ಅಂದರು. ಅದಕ್ಕಿಂತ ಎಲ್ಲವನ್ನೂ ತಂಗಿಗೇ ಕೊಟ್ಟುಬಿಡೋಣ, ಅವಳೇನು ಹೊರಗಿನವಳಾ ಅಂತ ಸಮಾಧಾನ ಹೇಳಿದರು. ನನಗೂ ಹಾಗೇ ಅನ್ನಿಸುತ್ತದೆ. ನಾನು ಮನೆಯಲ್ಲಿ ಇರುವವಳು, ಊಟಕ್ಕೆ ಬಟ್ಟೆಗೆ ಕೊರತೆಯಿಲ್ಲ. ನಿನಗೆ ಯಾರಿದ್ದಾರೆ? ತೆಗೆದುಕೋ.

ಅಕ್ಕ


ಜುಲೈ ೮

ಅಕ್ಕ,

ತೆಗೆದುಕೊಳ್ಳುವುದಿಲ್ಲ. ತಿಂಗಳು ತಿಂಗಳು ಪಿಂಚಣಿ ಕೈಗೆ ಬಂದಾಗಲೆಲ್ಲ ಒಸಡು ಚುಚ್ಚುತ್ತಿರುವ ನಿನ್ನ ಕೈ ಕಾಣಿಸುತ್ತದೆ. ಅಷ್ಟು ಕಷ್ಟದ ಪಿಂಚಣಿ ನನಗೆ ದಕ್ಕುವುದಿಲ್ಲ.

ನನಗೆ ಯಾರಿದ್ದಾರೆ ಅಂತ ಕೇಳಿದ್ದೀಯ. ನಿಜ ಹೇಳಲಾ? ಮುಪ್ಪಿನ ಬಗ್ಗೆ ಹೆದರಿಕೆಯಿದೆ. ನನ್ನ ಬಾಡಿಗೆ ಕೋಣೆಯ ಮೇಲಿನ ಮಹಡಿಯಲ್ಲಿ ಒಬ್ಬ ಮುದುಕಿ ಇದ್ದಾರೆ. ತಿಂಗಳ ಕೊನೆಯಲ್ಲಿ ಅವರ ಕೋಣೆಯ ದೀಪ ಬೇಗ ಆರುತ್ತದೆ. ಅದನ್ನು ನೋಡಿದಾಗಲೆಲ್ಲ ನನ್ನ ಒಂಬತ್ತು ವರ್ಷ ನೆನಪಾಗುತ್ತದೆ. ನನ್ನ ಆ ವರ್ಷಗಳು ನನಗೆ ಬೇಕು, ಬೇಕೇ ಬೇಕು. ನಿನ್ನವು ಬೇಡ.

ಮೂರನೇ ಕೌಂಟರಿನವರು ಆಗಸ್ಟ್ ಕೊನೆಯವರೆಗೆ ಕಾಯುತ್ತಾರಂತೆ. ಆಮೇಲೆ ಎರಡು ಊರಲ್ಲಿ ಒಂದೇ ದಿನ ಕೂತವಳು ಅಂತ ನನ್ನ ಕಡತವನ್ನು ತನಿಖೆಗೆ ಕಳಿಸಲೇಬೇಕು, ಅದು ಹೋದರೆ ವರ್ಷಗಟ್ಟಲೆ ಹೊರಗೆ ಬರುವುದಿಲ್ಲ. ಹಾಗೆ ಹೇಳುವಾಗ ಅವರ ಸೆಟ್ಟು ಎರಡು ಸಲ ಟಕ್ ಅಂದಿತು. ನನಗೆ ನಗು ಬರಲಿಲ್ಲ.

ಬೈಯುವುದಿಲ್ಲ, ಬುದ್ಧಿ ಹೇಳುವುದೂ ಇಲ್ಲ. ಒಂದೇ ಒಂದು ಕುತೂಹಲ. ಆ ಸ್ಟೂಲಿನಲ್ಲಿ ಕೂತಿರುವವಳು ಕೆಲಸದವಳಲ್ಲ ಅಂತ ಭಾವ ಅನ್ನುತ್ತಾರಲ್ಲ, ಹಾಗಾದರೆ ನೀನು ಒಂದು ವಾರ ಕೂರದಿದ್ದರೆ ಏನಾಗುತ್ತದೆ?

ಯಾಕಮ್ಮ


ಆಗಸ್ಟ್ ೧೪

ಯಾಕಮ್ಮ,

ಇಷ್ಟು ದಿನ ಉತ್ತರ ಬರಲಿಲ್ಲ ಅಂತ ಎಷ್ಟು ಬೈದುಕೊಂಡಿದ್ದೀಯೋ. ನಿನ್ನ ಕುತೂಹಲ ನನಗೂ ಅಂಟಿಕೊಂಡಿತು. ಏನಾಗುತ್ತದೆ ಅಂತ ನೋಡುತ್ತಿದ್ದೆ.

ಒಂದು ಸೋಮವಾರ ಊಟದ ಮೇಲೆ ಏಪ್ರನ್ ಹಾಕಿಕೊಳ್ಳಲಿಲ್ಲ. ಲೆಕ್ಕದ ಕೋಣೆಯಲ್ಲಿ ಕಾಲು ಚಾಚಿ ಕೂತೆ. ಎಂಟರ ಡಬ್ಬಿಗಳು ಹಾಗೇ ಇವೆಯಲ್ಲ ಅಂತ ಭಾವ ಬಂದು ಕೇಳಿದರು. "ಎಂಟನೇ ನಂಬರಿನವರು ಯಾರು ಅಂತ ನನಗೆ ಗೊತ್ತಿಲ್ಲ. ಪಟ್ಟೀಲಿ ನೋಡಿ ಕರೀರಿ," ಅಂದೆ. ಅವರು ಡಬ್ಬಿಗಳನ್ನು ಜೋಡಿಸಿಟ್ಟು ಹೋದರು. ಮೊದಲ ಎರಡು ದಿನ ಡಾಕ್ಟರುಗಳಿಗೆ ಸಬೂಬು ಹೇಳಿ ಕಳೆದರು. ಮೂರನೇ ದಿನ ತಾವೇ ಕೂತರು. ಅವರೂ ಚಿಕ್ಕ ವಯಸ್ಸಿನಲ್ಲಿ ಕೈಯಾಡಿಸಿದವರು. ಮಂಡಿ ಮಡಿಸಲಾಗದೆ ಒಂದು ಕಾಲನ್ನು ದಾರಿಗೆ ಅಡ್ಡ ಚಾಚಿ, ಬಲಗೈಯ ನೆರಳಿನಲ್ಲಿ, ವಾರವೆಲ್ಲ ಹಲ್ಲು ಕಚ್ಚಿಕೊಂಡು ಒಂದು ಸೆಟ್ಟು ಮುಗಿಸಿದರು. ಒಂದು ಹಲ್ಲೂ ಸೊಟ್ಟಗಿರಲಿಲ್ಲ, ಆದರೆ ಎಲ್ಲವೂ ಅಳತೆ ಮೀರಿ ಉದ್ದ. ಮಾರನೇ ದಿನ ಡಬ್ಬಿ ವಾಪಸ್ ಬಂತು. ಒಳಗೆ ಡಾಕ್ಟರ ಚೀಟಿ: ನಮ್ಮ ರೋಗಿ ಮನುಷ್ಯರು, ಕುದುರೆಯಲ್ಲ.

ನಗಬಾರದು ಅಂತ ಬಾಯಿ ಮುಚ್ಚಿಕೊಂಡೆ. ಐದನೇ ನಂಬರಿನವರು ತಡೆಯಲಾರದೆ ನಕ್ಕರು, ಆಮೇಲೆ ಇಡೀ ಲ್ಯಾಬು ನಕ್ಕಿತು, ಕೊನೆಗೆ ಭಾವನೂ ನಕ್ಕರು. ನಕ್ಕು ಮುಗಿಸಿ ಆ ಸೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಸಂಜೆ ನನ್ನ ಕೋಣೆಗೆ ಬಂದು, "ಇಷ್ಟು ಕಷ್ಟ ಅಂತ ನೀನು ಒಂದು ದಿನಾನೂ ಹೇಳ್ಲಿಲ್ಲ," ಅಂದರು. ನೀವು ಕೇಳಲಿಲ್ಲ ಅಂದೆ. ನಮ್ಮ ಮದುವೆಯಲ್ಲಿ ಇದಕ್ಕಿಂತ ಉದ್ದದ ಮಾತುಕತೆ ನಡೆದದ್ದು ನನಗೆ ನೆನಪಿಲ್ಲ.

ನಿನ್ನೆ ಇಬ್ಬರೂ ಇಲ್ಲಿನ ನಿಧಿ ಕಚೇರಿಗೆ ಹೋಗಿ ಬಂದೆವು. ನೀನು ಬಿಟ್ಟ ದಿನಾಂಕ ತುಂಬಿದೆ. ಬರೆದು ಎರಡು ಸಲ ಓದಿಕೊಂಡೆ. ನೀನು ಹೋಗಿದ್ದೀಯ. ಈಗ ಅದು ನನ್ನ ಕೈಬರಹದಲ್ಲೇ ಇದೆ. ಆಮೇಲೆ ಆ ಸ್ಟೂಲಿನಲ್ಲಿ ಕೂತವಳು ನಾನು ಅಂತ ಭಾವ ಬರೆದು ರುಜು ಹಾಕಿದರು. ಅಲ್ಲಿನ ಹುಡುಗಿ ನನ್ನ ಕೆಲಸ ಏನು ಅಂತ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಭಾವ, "ಹಲ್ಲು ಮಾಡ್ತಾರೆ. ನಮ್ಮಲ್ಲಿ ಇವರ ಕೈಯೇ ಕೈ," ಅಂದರು. ಬಹುವಚನದಲ್ಲಿ ಅಂದರು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಸ್ಟೂಲಿನ ನಂಬರ್ ಇನ್ನು ಯಾರಿಗೂ ನಡೆಯುವುದಿಲ್ಲವಂತೆ, ಮನುಷ್ಯರಿಗೆ ಬೇರೆ ನಂಬರ್ ಇರಬೇಕಂತೆ. ಸ್ಟೂಲುಗಳು ಹನ್ನೊಂದು. ನನಗೆ ಹನ್ನೆರಡು ಕೊಟ್ಟಿದ್ದಾರೆ.

ಅಕ್ಕ


ಸೆಪ್ಟೆಂಬರ್ ೧೧

ಅಕ್ಕ,

ಬಂತು. ಒಂಬತ್ತು ವರ್ಷವೂ ಬಂತು, ಇಲ್ಲಿನದರ ಜೊತೆ ಸೇರಿಕೊಂಡಿತು. ಪಿಂಚಣಿಯ ಗೆರೆ ದಾಟಿದ್ದೀರಿ ಅಂತ ಮೂರನೇ ಕೌಂಟರಿನವರೇ ಎದ್ದು ನಿಂತು ಹೇಳಿದರು. ಟಕ್ ಅಂದಿತು. ಈ ಸಲ ಸುಮ್ಮನಿರಲಾಗಲಿಲ್ಲ, ನಿಮ್ಮ ಡಾಕ್ಟರಿಗೆ ಹೇಳಿ ಒಳಮೈಗೆ ಹೊಸ ಪದರ ಹಾಕಿಸಿಕೊಳ್ಳಿ ಅಂದುಬಿಟ್ಟೆ. ಅವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, "ಅಷ್ಟು ಕೇಳುತ್ತಾ?" ಅಂದರು.

ಮನೆಗೆ ಬಂದು ಮೇಲಿನ ಮಹಡಿಯ ಮುದುಕಿಯನ್ನು ಚಹಾಕ್ಕೆ ಕರೆದೆ. ಯಾಕೆ ಅಂತ ಅವರು ಕೇಳಲಿಲ್ಲ. ನನ್ನನ್ನು ಬಿಟ್ಟರೆ ಯಾರೂ ಅಷ್ಟಾಗಿ ಯಾಕೆ ಅಂತ ಕೇಳುವುದಿಲ್ಲ, ನೋಡು.

ಅಜ್ಜಿಯ ಸೆಟ್ಟನ್ನು ಕೂಡಿಸಿ ಕೊಟ್ಟಿದ್ದೇನೆ, ಬಲಗಡೆ ಒತ್ತುವುದಿಲ್ಲ. ಆ ಹಲ್ಲನ್ನು ನೆಟ್ಟಗೆ ಮಾಡಿಲ್ಲ. ಅಷ್ಟೇ ಅಲ್ಲ, ನಿನ್ನೆ ಒಂದು ಪಿಂಗಾಣಿ ಸಾಲಿನಲ್ಲಿ ನಾನೂ ಒಂದು ಹಲ್ಲನ್ನು ಕೂದಲೆಳೆಯಷ್ಟು ತಿರುಗಿಸಿ ನೋಡಿದೆ. ಬಹಳ ಹೊತ್ತು ನೋಡುತ್ತಾ ಕೂತಿದ್ದೆ.

ಏಪ್ರನ್ ಕಳಿಸಬೇಡ. ನಿನಗೇ ಇರಲಿ.

ನಿನ್ನ ಯಾಕಮ್ಮ


ಸೆಪ್ಟೆಂಬರ್ ೩೦

ನಿಧಿಯ ವರ್ಗಾವಣೆಯಲ್ಲಿ ಅನುಭವ ಇರುವವರಿಗೆ,

ಮಾನ್ಯರೇ,

ನಾನು ಈ ಲ್ಯಾಬಿನಲ್ಲಿ ಎಂಟನೇ ಸ್ಟೂಲಿನಲ್ಲಿ ಕೂತು ಹಲ್ಲಿನ ಸೆಟ್ಟುಗಳನ್ನು ಮಾಡುತ್ತಿದ್ದೇನೆ. ನನ್ನ ಹೆಸರಿನಲ್ಲಿ ನಿವೃತ್ತಿ ನಿಧಿಯ ಖಾತೆ ತೆರೆದಿದೆ. ಎರಡು ವರ್ಷದ ದುಡ್ಡು ಅದಕ್ಕೆ ಬಂದು ಸೇರಿದೆ ಎಂದು ಮೊನ್ನೆ ತಿಳಿಸಿದರು. ಇಷ್ಟು ವಯಸ್ಸಿಗೆ ಮೊದಲ ಸಲ ನನ್ನದು ಅಂತ ಒಂದು ಸಂಖ್ಯೆ ಬಾಯಿಪಾಠ ಮಾಡಿಕೊಂಡಿದ್ದೇನೆ.

ಕೆಲವು ವಿಷಯ ತಿಳಿಯಬೇಕಿತ್ತು. ಒಬ್ಬ ಕೆಲಸಗಾರ್ತಿ ಒಂದು ಲ್ಯಾಬಿನಿಂದ ಇನ್ನೊಂದಕ್ಕೆ ಹೋದರೆ ಅವಳ ನಿಧಿ ಅವಳ ಹಿಂದೆ ಬರುತ್ತದೆಯೇ? ಬಿಡುವ ಮೊದಲು ಯಾರಿಂದ ಏನೇನು ಬರೆಸಿಕೊಳ್ಳಬೇಕು? ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಹೋಗಿ ಬರುವುದಾದರೆ ಅದಕ್ಕೂ ದಾರಿ ಇದೆಯೇ? ನಮ್ಮ ಮಾಲೀಕರನ್ನು ಕೇಳಿದೆ. ಅವರು ಮಂಡಿ ತಿಕ್ಕಿಕೊಂಡು, ಕೇಳುವುದರಲ್ಲಿ ತಪ್ಪೇನಿಲ್ಲ ಅಂದಿದ್ದಾರೆ.

ಹೋಗುತ್ತೇನೆ ಅಂತಲ್ಲ. ಪಿಂಗಾಣಿಗೆ ಪದರ ಹಚ್ಚುವುದನ್ನು ನಾನು ಒಂದು ಸಲವೂ ನೋಡಿಲ್ಲ. ಸುಮ್ಮನೆ ತಿಳಿದುಕೊಳ್ಳೋಣ ಅಂತ.

ಇನ್ನೊಂದು ಪ್ರಶ್ನೆ. ನಿಮ್ಮ ಲ್ಯಾಬಿನಲ್ಲಿ ಕಿಟಕಿ ಯಾವ ಕಡೆ ಇದೆ?

ಇಂತಿ ನಿಮ್ಮ ವಿಶ್ವಾಸಿ,
ಹನ್ನೆರಡನೇ ನಂಬರ್